ಕಾರ್ಡ್‌ಲೆಸ್ ಮೈಕಿನ ಆಯ್ಕೆ: ಸೆಲ್ಲಿನಿಂದ ಆರಂಭಿಸಬೇಕಾದ ಲೆಕ್ಕ

ಕೈಯಲ್ಲಿ ಹಿಡಿದು ಮಾತನಾಡುವ ತಂತಿರಹಿತ ಮೈಕ್ರೊಫೋನನ್ನು, ಅಂದರೆ ಕರ್ನಾಟಕದ ಶಾಲೆ, ಸಭಾಭವನ, ದೇವಸ್ಥಾನ, ಕಲ್ಯಾಣ ಮಂಟಪಗಳಲ್ಲಿ ಕಾರ್ಡ್‌ಲೆಸ್ ಮೈಕ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಸಾಧನವನ್ನು ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ವಿಚಾರಿಸುವುದು ಎರಡು ಸಂಗತಿಗಳನ್ನು: ಅದು ಎಷ್ಟು ದೂರದವರೆಗೆ ಕೆಲಸ ಮಾಡುತ್ತದೆ, ಮತ್ತು ಅದರಿಂದ ಬರುವ ಧ್ವನಿ ಎಷ್ಟು ಸ್ಪಷ್ಟವಾಗಿರುತ್ತದೆ. ಎರಡೂ ಅಗತ್ಯವಾದ ಪ್ರಶ್ನೆಗಳೇ ಆದರೂ, ಆ ಸಾಧನವು ವರ್ಷಗಟ್ಟಲೆ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಮೂರನೆಯ ಪ್ರಶ್ನೆಯೊಂದಿದೆ; ಅದರೊಳಗಿನ ವಿದ್ಯುತ್ತು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಮುಗಿಯುವ ಮುನ್ನ ಹೇಗೆ ಸೂಚನೆ ಕೊಡುತ್ತದೆ ಮತ್ತು ಮುಗಿದ ಮೇಲೆ ಎಷ್ಟು ಬೇಗ ಮರಳಿ ಒದಗುತ್ತದೆ ಎಂಬುದೇ ಆ ಪ್ರಶ್ನೆ. ಮರುಚಾರ್ಜ್ ಮಾಡಬಹುದಾದ ಸೆಲ್ಲುಗಳು ಬಳಕೆಗೆ ಬಂದ ಮೇಲೆ ಇದರ ಮಹತ್ವ ಇನ್ನೂ ಹೆಚ್ಚಿದೆ. ಏಕೆಂದರೆ ಬಳಸಿ ಎಸೆಯುವ ಸೆಲ್ಲಿಗೂ ಮರುಚಾರ್ಜ್ ಸೆಲ್ಲಿಗೂ ಗಾತ್ರ ಒಂದೇ ಆಗಿದ್ದರೂ ಸ್ವಭಾವ ಬೇರೆ, ಮತ್ತು ಆ ಸ್ವಭಾವವನ್ನು ಅರಿತು ರೂಪಿಸಿದ ಮೈಕನ್ನು ಅರಿಯದೆ ರೂಪಿಸಿದ ಮೈಕಿನಿಂದ ಪ್ರತ್ಯೇಕಿಸಿ ನೋಡುವುದೇ ಆಯ್ಕೆಯ ಮೊದಲ ಹೆಜ್ಜೆ.

ತಂತಿಯಿರುವ ಸಾಮಾನ್ಯ ಮೈಕಿಗೆ ಬ್ಯಾಟರಿಯ ಅಗತ್ಯವೇ ಇಲ್ಲವೆಂಬುದನ್ನು ಇಲ್ಲಿ ಮೊದಲು ಗಮನಿಸಬೇಕು. ಡೈನಾಮಿಕ್ ಮೈಕ್ ಎಂದು ಕರೆಯಲಾಗುವ ಬಗೆಯಲ್ಲಿ, ಜಾಲರಿಯ ಹಿಂದೆ ತೆಳುವಾದ ಪೊರೆಯೊಂದು ಇದ್ದು, ಅದಕ್ಕೆ ಅಂಟಿಸಿದ ಸಣ್ಣ ತಾಮ್ರದ ಸುರುಳಿಯು ಅಯಸ್ಕಾಂತದ ಕ್ಷೇತ್ರದೊಳಗೆ ತೂಗಿಕೊಂಡಿರುತ್ತದೆ. ಮಾತಿನ ಅಲೆಗಳು ಪೊರೆಯನ್ನು ತಳ್ಳಿದಾಗ ಸುರುಳಿ ಚಲಿಸಿ, ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಂತೆ, ತಾನಾಗಿಯೇ ಒಂದು ಸೂಕ್ಷ್ಮ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಅಮೆರಿಕದ ಶೂರ್ ಸಂಸ್ಥೆ 1966ರಲ್ಲಿ ಹೊರತಂದ, ಇಂದಿಗೂ ಲೋಕದ ವೇದಿಕೆಗಳಲ್ಲಿ ಕಾಣಿಸುವ ಎಸ್‌ಎಂ 58 ಮೈಕ್ ಇದೇ ತತ್ವದ ಮೇಲೆ ನಿಂತಿದೆ. ಹೀಗೆ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತಿದ್ದ ಸಾಧನದಿಂದ ತಂತಿಯನ್ನು ತೆಗೆದುಹಾಕಿದಾಗ, ಆ ತಂತಿ ಮಾಡುತ್ತಿದ್ದ ಕೆಲಸವನ್ನು ರೇಡಿಯೊ ಅಲೆಗಳಿಗೆ ವಹಿಸಬೇಕಾಗುತ್ತದೆ, ಮತ್ತು ರೇಡಿಯೊ ಅಲೆಗಳನ್ನು ನಿರಂತರವಾಗಿ ಹೊಮ್ಮಿಸಲು ಶಕ್ತಿ ಬೇಕು. ಶೂರ್ ಸಂಸ್ಥೆಯೇ 1953ರಲ್ಲಿ ವ್ಯಾಗಬಾಂಡ್ ಎಂಬ ಹೆಸರಿನಲ್ಲಿ ಇಂಥದೊಂದು ಮೈಕನ್ನು ನಿರ್ವಾತ ಕೊಳವೆಗಳನ್ನು ಬಳಸಿ ತಯಾರಿಸಿತ್ತು. ಅಂದಿನಿಂದ ಇಂದಿನವರೆಗೆ ಕೊಳವೆಗಳು ಹೋಗಿ ಟ್ರಾನ್ಸಿಸ್ಟರುಗಳೂ ಅವುಗಳ ನಂತರ ಚಿಪ್‌ಗಳೂ ಬಂದಿವೆಯಾದರೂ ಬ್ಯಾಟರಿಯ ಮೇಲಿನ ಅವಲಂಬನೆ ಮಾತ್ರ ಹಾಗೆಯೇ ಉಳಿದಿದೆ.

ಇಂದಿನ ಕೈಮೈಕಿನ ಹಿಡಿಕೆಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್, ಅಂದರೆ ಧ್ವನಿಯ ಸಂಕೇತವನ್ನು ರೇಡಿಯೊ ಅಲೆಯ ಮೇಲೇರಿಸಿ ಕಳುಹಿಸುವ ಮಂಡಲವಿರುತ್ತದೆ. ಅದು ಹೊರಸೂಸುವ ರೇಡಿಯೊ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವಾಟ್‌ಗಳಷ್ಟೇ ಆಗಿದ್ದರೂ, ಧ್ವನಿಯನ್ನು ಹಿಗ್ಗಿಸುವ, ಅಲೆಯನ್ನು ಸ್ಥಿರವಾಗಿಡುವ, ಪರದೆಯನ್ನು ಬೆಳಗಿಸುವ ಕೆಲಸಗಳೆಲ್ಲ ಸೇರಿ ಅದರ ಹಲವು ಪಟ್ಟು ಶಕ್ತಿಯನ್ನು ಬ್ಯಾಟರಿಯಿಂದ ಸೆಳೆಯುತ್ತವೆ. ಮೊಬೈಲಿನಂತೆ ಬಿಡುವಿನ ವೇಳೆಯಲ್ಲಿ ನಿದ್ರಿಸುವ ಅವಕಾಶ ಇದಕ್ಕಿಲ್ಲ. ಭಾಷಣಕಾರ ಮೌನವಾಗಿದ್ದಾಗಲೂ ಅಲೆ ಹೊರಡುತ್ತಲೇ ಇರಬೇಕು, ಇಲ್ಲವಾದರೆ ಇನ್ನೊಂದು ತುದಿಯಲ್ಲಿರುವ ರಿಸೀವರ್ ಗೊರಗೊರ ಸದ್ದನ್ನು ತಡೆಯಲು ಧ್ವನಿಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ಮೈಕಿನ ಬಳಕೆಯನ್ನು ಮಾತಿನ ಸಮಯದಿಂದ ಅಳೆಯದೆ ಗುಂಡಿ ಒತ್ತಿಟ್ಟಿರುವ ಒಟ್ಟು ಸಮಯದಿಂದ ಅಳೆಯಬೇಕು.

ಮಾರುಕಟ್ಟೆಯಲ್ಲಿ ಸಿಗುವ ಮೈಕುಗಳ ವಿದ್ಯುತ್ ವ್ಯವಸ್ಥೆ ಮುಖ್ಯವಾಗಿ ಮೂರು ಬಗೆಯದು: ಒಂಬತ್ತು ವೋಲ್ಟಿನ ಆಯತಾಕಾರದ ಬ್ಯಾಟರಿ, ಜನಬಳಕೆಯಲ್ಲಿ ಪೆನ್ಸಿಲ್ ಸೆಲ್ ಎನಿಸಿಕೊಂಡಿರುವ ಎರಡು ಡಬಲ್ ಎ ಸೆಲ್ಲುಗಳು, ಮತ್ತು ಲಿಥಿಯಂ ಅಯಾನ್ ಬ್ಯಾಟರಿ. ಇವುಗಳ ನಡುವಿನ ಅಂತರವನ್ನು ಮಿಲಿಆಂಪಿಯರ್-ಗಂಟೆಯ ಅಂಕಿಯಿಂದಷ್ಟೇ ಅಳೆಯುವುದು ದಾರಿತಪ್ಪಿಸುತ್ತದೆ. ಆ ಅಂಕಿಯನ್ನು ವೋಲ್ಟೇಜಿನಿಂದ ಗುಣಿಸಿದಾಗ ಸಿಗುವ ವಾಟ್-ಗಂಟೆಯೇ ನಿಜವಾದ ಶಕ್ತಿಸಂಗ್ರಹ. ಮರುಚಾರ್ಜ್ ಆಗುವ ಒಂಬತ್ತು ವೋಲ್ಟಿನ ಬ್ಯಾಟರಿಯೊಳಗೆ ಸಾಮಾನ್ಯವಾಗಿ ತಲಾ 1.2 ವೋಲ್ಟಿನ ಏಳು ಕಿರುಸೆಲ್ಲುಗಳಿದ್ದು, ಒಟ್ಟು ವೋಲ್ಟೇಜ್ 8.4 ಮಾತ್ರ ಆಗುತ್ತದೆ, ಸಂಗ್ರಹ ಸುಮಾರು 200 ಮಿಲಿಆಂಪಿಯರ್-ಗಂಟೆ. ಅಂದರೆ ಸುಮಾರು 1.7 ವಾಟ್-ಗಂಟೆ. ತಲಾ 2000 ಮಿಲಿಆಂಪಿಯರ್-ಗಂಟೆಯ ಎರಡು ನಿಕಲ್-ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳಲ್ಲಿ 4.8 ವಾಟ್-ಗಂಟೆ ಇರುತ್ತದೆ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದವಿರುವ ಕಾರಣದಿಂದ 18650 ಎಂಬ ಹೆಸರು ಪಡೆದ ಲಿಥಿಯಂ ಅಯಾನ್ ಸೆಲ್ಲು 2600 ಮಿಲಿಆಂಪಿಯರ್-ಗಂಟೆಯದಾಗಿದ್ದರೆ 9 ವಾಟ್-ಗಂಟೆಗೂ ಸ್ವಲ್ಪ ಹೆಚ್ಚು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಕೊಂದು 0.36 ವಾಟ್ ಸೆಳೆಯುತ್ತದೆಂದು ಉದಾಹರಣೆಗೆ ಇಟ್ಟುಕೊಂಡರೆ, ಮೊದಲನೆಯದು ನಾಲ್ಕೂವರೆ ಗಂಟೆ, ಎರಡನೆಯದು ಹದಿಮೂರು ಗಂಟೆ, ಮೂರನೆಯದು ಇಪ್ಪತ್ತೈದು ಗಂಟೆಯ ಆಸುಪಾಸಿನಲ್ಲಿ ಬರುತ್ತದೆ. ಇದು ಹೊಸ ಸೆಲ್ಲಿನ ಲೆಕ್ಕವಾದ್ದರಿಂದ, ಹಳತಾಗುವಿಕೆಗೂ ಸೆಕೆಗೂ ಕಾಲುಭಾಗವನ್ನು ಕಳೆದು ಉಳಿದುದನ್ನಷ್ಟೇ ನಂಬುವುದು ವಿವೇಕ. ಹಾಗೆ ಕಳೆದಾಗ ಒಂಬತ್ತು ವೋಲ್ಟಿನ ಮರುಚಾರ್ಜ್ ಬ್ಯಾಟರಿಯ ಮೈಕ್ ಮೂರೂವರೆ ಗಂಟೆಗೆ ಇಳಿಯುತ್ತದೆ, ಒಂದು ಮದುವೆಯ ಆರತಕ್ಷತೆಯ ಆರ್ಕೆಸ್ಟ್ರಾಕ್ಕೂ ಸಾಲುವುದು ಕಷ್ಟವಾಗುತ್ತದೆ. ಹೊಸದಾಗಿ ಕೊಳ್ಳುವವರು ಈ ಬಗೆಯನ್ನು ಕೈಬಿಡುವುದೇ ಒಳ್ಳೆಯದು.

ಉಳಿದ ಎರಡರಲ್ಲಿ ಪೆನ್ಸಿಲ್ ಸೆಲ್ಲಿನ ವಿಚಾರ ಹೆಚ್ಚು ವಿವರಣೆಯನ್ನು ಬೇಡುತ್ತದೆ, ಏಕೆಂದರೆ ಒಂದೇ ಗೂಡಿನಲ್ಲಿ ಹಲವು ರಸಾಯನಗಳ ಸೆಲ್ಲುಗಳು ಕೂರಬಲ್ಲವು. ಬಳಸಿ ಎಸೆಯುವ ಆಲ್ಕಲೈನ್ ಸೆಲ್ಲಿನಲ್ಲಿ ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್‌ಗಳ ನಡುವಿನ ಕ್ರಿಯೆ ವಿದ್ಯುತ್ತನ್ನು ಕೊಡುತ್ತದೆ. ಅದರ ವೋಲ್ಟೇಜ್ 1.5ರಿಂದ ಆರಂಭವಾಗಿ ಇಳಿಜಾರಿನಂತೆ ಸಾವಕಾಶವಾಗಿ ಕೆಳಗಿಳಿಯುತ್ತದೆ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ಚಾರ್ಜರಿನಿಂದ ತೆಗೆದ ಹೊಸತರಲ್ಲಿ 1.4 ವೋಲ್ಟ್ ತೋರಿದರೂ ಬೇಗನೆ 1.2ರ ಸಮೀಪಕ್ಕೆ ಬಂದು, ತನ್ನ ಸಂಗ್ರಹದ ಬಹುಭಾಗ ಮುಗಿಯುವವರೆಗೂ ಅಲ್ಲಿಯೇ ನಿಂತು, ಕೊನೆಗೆ ಮೇಜಿನ ಅಂಚಿನಿಂದ ಬಿದ್ದಂತೆ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ. ಮೈಕಿನ ಮೇಲಿರುವ ಬ್ಯಾಟರಿ ಸೂಚಕವು ಸಾಮಾನ್ಯವಾಗಿ ವೋಲ್ಟೇಜನ್ನು ಅಳೆದು ಉಳಿದ ಶಕ್ತಿಯನ್ನು ಊಹಿಸುತ್ತದೆ. ಆ ಊಹೆಯನ್ನು ಆಲ್ಕಲೈನ್ ಸೆಲ್ಲಿನ ಇಳಿಜಾರಿಗೆ ಹೊಂದಿಸಿದ್ದರೆ, ಪೂರ್ತಿ ಚಾರ್ಜ್ ಆದ ನಿಕಲ್ ಸೆಲ್ಲನ್ನೂ ಅದು ಅರ್ಧ ಖಾಲಿಯಾದ ಸೆಲ್ಲೆಂದು ತಿಳಿಯುತ್ತದೆ, ಗಂಟೆಗಟ್ಟಲೆ ಅದೇ ಅರ್ಧವನ್ನು ತೋರಿಸುತ್ತದೆ, ಮತ್ತು ಕೆಂಪು ದೀಪ ಹತ್ತಿದ ಮೇಲೆ ಸಾವರಿಸಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಮರುಚಾರ್ಜ್ ಸೆಲ್ಲುಗಳು ಮೈಕಿಗೆ ಆಗುವುದಿಲ್ಲ ಎಂಬ ಹಳೆಯ ನಂಬಿಕೆಯ ಹಿಂದೆ ಇಂಥ ಅನುಭವಗಳಿವೆ. ಅಲ್ಲಿ ದೋಷವಿರುವುದು ಸೂಚಕದ ಹೊಂದಾಣಿಕೆಯಲ್ಲಿಯೇ ಹೊರತು ಸೆಲ್ಲಿನಲ್ಲಿ ಅಲ್ಲ.

ಆದಕಾರಣ ಪೆನ್ಸಿಲ್ ಸೆಲ್ಲಿನ ಮೈಕನ್ನು ಆರಿಸುವಾಗ ಕೇಳಬೇಕಾದ ನಿರ್ಣಾಯಕ ಪ್ರಶ್ನೆಯೆಂದರೆ, ಒಳಗೆ ಹಾಕಿರುವ ಸೆಲ್ಲು ಯಾವ ಬಗೆಯದೆಂದು ಅದಕ್ಕೆ ತಿಳಿಸುವ ಅವಕಾಶವಿದೆಯೇ ಎಂಬುದು. ಉತ್ತಮ ತಯಾರಕರ ಕೆಲವು ಮೈಕುಗಳ ಮೆನುವಿನಲ್ಲಿ ಆಲ್ಕಲೈನ್, ನಿಕಲ್-ಮೆಟಲ್ ಹೈಡ್ರೈಡ್, ಲಿಥಿಯಂ ಎಂಬ ಆಯ್ಕೆಗಳಿದ್ದು, ಆರಿಸಿದ ಬಗೆಗೆ ತಕ್ಕಂತೆ ಸೂಚಕದ ಅಳತೆ ಬದಲಾಗುತ್ತದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಎರಡು ನಿಕಲ್ ಸೆಲ್ಲುಗಳನ್ನು ಒಂದೇ ಕಟ್ಟಾಗಿಸಿ, ಬಿಎ 2015 ಎಂಬ ಹೆಸರಿನಲ್ಲಿ, ಪೆನ್ಸಿಲ್ ಸೆಲ್ಲುಗಳ ಅದೇ ಗೂಡಿನಲ್ಲಿ ಕೂರುವಂತೆ ಮಾಡಿತು. ಶೂರ್ ಸಂಸ್ಥೆಯ ಕ್ಯುಎಲ್‌ಎಕ್ಸ್-ಡಿ, ಯುಎಲ್‌ಎಕ್ಸ್-ಡಿ ಶ್ರೇಣಿಯ ಮೈಕುಗಳು ತಮ್ಮದೇ ಲಿಥಿಯಂ ಅಯಾನ್ ಬ್ಯಾಟರಿಯನ್ನು ಹಾಕಿದಾಗ ಉಳಿದ ಅವಧಿಯನ್ನು ಗಂಟೆ-ನಿಮಿಷಗಳಲ್ಲಿಯೇ ತೋರಿಸುತ್ತವೆ. ಬೆಲೆಯ ದೃಷ್ಟಿಯಿಂದ ಇವು ಎಲ್ಲ ಸಂಸ್ಥೆಗಳಿಗೂ ಎಟುಕುವಂಥವಲ್ಲವಾದರೂ, ಒಳ್ಳೆಯ ಸೂಚಕವೆಂದರೆ ಹೇಗಿರಬೇಕು ಎಂಬುದಕ್ಕೆ ಇವು ಅಳತೆಗೋಲಾಗುತ್ತವೆ. ಇಂಥ ಸೌಲಭ್ಯವಿಲ್ಲದ ಮೈಕನ್ನೇ ಕೊಳ್ಳಬೇಕಾದಲ್ಲಿ, ಅದಕ್ಕೆ ಪೂರ್ತಿ ಚಾರ್ಜ್ ಆದ ಸೆಲ್ಲುಗಳನ್ನು ಹಾಕಿ ಗುಂಡಿ ಒತ್ತಿ ಇಟ್ಟು, ಅದು ಆರಿಹೋಗುವವರೆಗಿನ ಅವಧಿಯನ್ನು ಒಮ್ಮೆ ಗಡಿಯಾರದಿಂದ ಅಳೆದು, ಆ ಸಂಖ್ಯೆಯನ್ನು ಮೈಕಿನ ಪೆಟ್ಟಿಗೆಯ ಮೇಲೆ ಬರೆದಿಡಬೇಕು. ಅನಂತರ ಸೂಚಕವನ್ನು ನೋಡುವುದಕ್ಕಿಂತ ಆ ಸಂಖ್ಯೆಯನ್ನು ನಂಬಿ ಕಾರ್ಯಕ್ರಮದ ವಿರಾಮದಲ್ಲಿ ಸೆಲ್ಲು ಬದಲಿಸುವುದು ಕ್ಷೇಮ.

ನಿಕಲ್ ಸೆಲ್ಲುಗಳಲ್ಲಿಯೂ ಎರಡು ತಲೆಮಾರುಗಳಿವೆ. ಮೊದಲಿನವು ಬಳಸದೆ ಇಟ್ಟರೂ ಕೆಲವೇ ವಾರಗಳಲ್ಲಿ ತಮ್ಮ ಸಂಗ್ರಹದ ಗಣನೀಯ ಭಾಗವನ್ನು ತಾವಾಗಿಯೇ ಕಳೆದುಕೊಳ್ಳುತ್ತಿದ್ದವು. ಜಪಾನಿನ ಸ್ಯಾನ್ಯೊ ಸಂಸ್ಥೆ 2005ರಲ್ಲಿ ಎನೆಲೂಪ್ ಎಂಬ ಹೆಸರಿನಲ್ಲಿ ತಂದ ಸೆಲ್ಲುಗಳು ಈ ಸ್ವಯಂ ಸೋರಿಕೆಯನ್ನು ಬಹಳ ಮಟ್ಟಿಗೆ ತಡೆದು, ವರ್ಷದ ಬಳಿಕವೂ ಹೆಚ್ಚಿನ ಭಾಗವನ್ನು ಉಳಿಸಿಕೊಳ್ಳುವಂತಾದವು. ಆ ಹೆಸರು ಈಗ ಪ್ಯಾನಸೋನಿಕ್ ಸಂಸ್ಥೆಯ ಕೈಯಲ್ಲಿದ್ದು, ಇತರ ತಯಾರಕರೂ ಅದೇ ಬಗೆಯ ಸೆಲ್ಲುಗಳನ್ನು ಮಾರುತ್ತಾರೆ. ತಿಂಗಳಿಗೊಮ್ಮೆ ಪೋಷಕರ ಸಭೆ ನಡೆಸುವ ಶಾಲೆಗೆ, ಹಬ್ಬಹರಿದಿನಗಳಲ್ಲಿ ಮಾತ್ರ ಮೈಕ್ ಹೊರತೆಗೆಯುವ ದೇವಸ್ಥಾನಕ್ಕೆ ಈ ಗುಣವೇ ಮುಖ್ಯ. 2500ಕ್ಕಿಂತ ಹೆಚ್ಚಿನ ಅಂಕಿ ಹೊತ್ತ ಸೆಲ್ಲಿಗಿಂತ, ಸೋರಿಕೆ ಕಡಿಮೆಯಿರುವ 2000ದ ಸೆಲ್ಲು ಇಂಥ ಕಡೆ ಹೆಚ್ಚು ಉಪಕಾರಿ. ಇದರ ಜೊತೆಗೆ, ಎರಡು ಸೆಲ್ಲುಗಳು ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ ಅವೆರಡೂ ಸಮಬಲದವಾಗಿರಬೇಕೆಂಬುದನ್ನು ಮರೆಯಬಾರದು; ಒಂದು ಮೊದಲೇ ಖಾಲಿಯಾದರೆ ಇನ್ನೊಂದು ಅದರೊಳಗೆ ವಿರುದ್ಧ ದಿಕ್ಕಿನಲ್ಲಿ ಪ್ರವಾಹವನ್ನು ನೂಕಿ ಶಾಶ್ವತ ಹಾನಿ ಮಾಡುತ್ತದೆ. ಒಂದೇ ದಿನ ಕೊಂಡ ಸೆಲ್ಲುಗಳಿಗೆ ಜೋಡಿಯ ಗುರುತು ಹಾಕಿ, ಒಟ್ಟಿಗೇ ಬಳಸಿ ಒಟ್ಟಿಗೇ ಚಾರ್ಜ್ ಮಾಡುವುದು ಇದಕ್ಕೆ ಸರಳ ಪರಿಹಾರ. ಚಾರ್ಜರು ಪ್ರತಿಯೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ಗಮನಿಸಿ, ತುಂಬಿದ ಕೂಡಲೇ ತಾನೇ ನಿಲ್ಲಿಸುವ ಬಗೆಯದಾಗಿರಬೇಕು; ಜೋಡಿಯನ್ನು ಒಂದೇ ಸಾಲಿನಲ್ಲಿ ತುಂಬುವ ಅಗ್ಗದ ಚಾರ್ಜರುಗಳು ಒಳ್ಳೆಯ ಸೆಲ್ಲುಗಳನ್ನೂ ಬೇಗ ಕೆಡಿಸುತ್ತವೆ.

ಪೆನ್ಸಿಲ್ ಸೆಲ್ಲಿನಂತೆಯೇ ಕಾಣುವ ಎರಡು ಬೇರೆ ಸೆಲ್ಲುಗಳ ಬಗ್ಗೆ ಎಚ್ಚರ ಬೇಕು. 14500 ಎಂಬ ಲಿಥಿಯಂ ಅಯಾನ್ ಸೆಲ್ಲಿನ ಗಾತ್ರ ಡಬಲ್ ಎ ಸೆಲ್ಲಿನದೇ ಆದರೂ ವೋಲ್ಟೇಜ್ 3.7, ಎರಡನ್ನು ಹಾಕಿದರೆ ಮೂರು ವೋಲ್ಟಿಗೆಂದು ರೂಪಿಸಿದ ಮಂಡಲಕ್ಕೆ ಏಳು ವೋಲ್ಟಿಗೂ ಹೆಚ್ಚು ಬಡಿದು ಮೈಕು ಸುಟ್ಟುಹೋಗಬಹುದು. ಇನ್ನೊಂದು, ಯುಎಸ್‌ಬಿ ತಂತಿಯಿಂದಲೇ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಸೆಲ್ಲು. ಇದರೊಳಗಿನ ಪರಿವರ್ತಕ ಮಂಡಲವು ವೋಲ್ಟೇಜನ್ನು ಕೊನೆಯವರೆಗೂ ಒಂದೇ ಮಟ್ಟದಲ್ಲಿ ಹಿಡಿದಿಡುವುದರಿಂದ ಮೈಕಿನ ಸೂಚಕವು ಪೂರ್ತಿ ಎಂದು ತೋರಿಸುತ್ತಿರುವಾಗಲೇ ಮೈಕು ಆರಿಹೋಗುತ್ತದೆ, ಅಲ್ಲದೆ ಆ ಪರಿವರ್ತಕದ ವಿದ್ಯುತ್ ಗದ್ದಲ ರೇಡಿಯೊ ಮಂಡಲದ ಬಳಿಯೇ ಇರುವುದೂ ಅಪೇಕ್ಷಣೀಯವಲ್ಲ. ಆಟಿಕೆಗೂ ಟಾರ್ಚಿಗೂ ಉತ್ತಮವಾದ ಈ ಸೆಲ್ಲನ್ನು ಮೈಕಿಗೆ ಹಾಕದಿರುವುದೇ ಮೇಲು.

ಲಿಥಿಯಂ ಅಯಾನ್ ತಂತ್ರಜ್ಞಾನವನ್ನು ಸೋನಿ ಸಂಸ್ಥೆ 1991ರಲ್ಲಿ ವಾಣಿಜ್ಯಕ್ಕೆ ತಂದಿತು. ಅದರ ಬೆಳವಣಿಗೆಗಾಗಿ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿದಿಡುವ ಈ ಬ್ಯಾಟರಿ ಮೈಕಿನ ಹಿಡಿಕೆಗೆ ಸಹಜವಾಗಿಯೇ ಒಪ್ಪುತ್ತದೆ. ಆದರೆ ಇಲ್ಲಿ ಕೊಳ್ಳುವವರು ಬ್ಯಾಟರಿ ಹೊರತೆಗೆಯಲು ಬರುವ ಮೈಕನ್ನೂ, ಒಳಗೇ ಬೆಸೆದಿಟ್ಟಿರುವ ಮೈಕನ್ನೂ ಬೇರೆ ಬೇರೆ ವರ್ಗಗಳೆಂದೇ ಪರಿಗಣಿಸಬೇಕು. ಬೆಸೆದಿಟ್ಟ ಬ್ಯಾಟರಿಯ ಮೈಕ್ ಅಗ್ಗ, ಹಗುರ, ತರಗತಿಯ ಪಾಠಕ್ಕೂ ಮನೆಯ ಹಾಡಿಗೂ ಸಾಕಾಗುವಂಥದು. ಸಭೆಯ ನಡುವೆ ಅದು ಖಾಲಿಯಾದರೆ ಮಾತ್ರ ಚಾರ್ಜಿಗೆ ಹಾಕಿ ಕಾಯದೆ ಬೇರೆ ದಾರಿಯಿಲ್ಲ, ಮತ್ತು ಕೆಲವು ವರ್ಷಗಳಲ್ಲಿ ಬ್ಯಾಟರಿ ಸೊರಗಿದಾಗ ಸುಸ್ಥಿತಿಯಲ್ಲಿರುವ ಮೈಕನ್ನೇ ಮೂಲೆಗೆ ಸೇರಿಸಬೇಕಾಗುತ್ತದೆ. ಸಾರ್ವಜನಿಕ ಬಳಕೆಗೆಂದು ಕೊಳ್ಳುವ ಯಾವ ಸಂಸ್ಥೆಯೂ ಇಂಥದನ್ನು ಆರಿಸಬಾರದು. ಗ್ರಾಮಸಭೆಯಲ್ಲಿ ಕೈಯಿಂದ ಕೈಗೆ ದಾಟುತ್ತ ಹಿಂದಿನ ಸಾಲಿಗೆ ಬರುವ ಮೈಕು, ಅಲ್ಲಿ ಎದ್ದು ನಿಂತ ಮಹಿಳೆ ನೀರಿನ ಸಮಸ್ಯೆ ಹೇಳತೊಡಗಿದಾಗಲೇ ಆರಿಹೋದರೆ ಆಕೆ ಮತ್ತೆ ಎದ್ದು ನಿಲ್ಲುವುದು ಸುಲಭವಲ್ಲ. ಅರ್ಧ ನಿಮಿಷದಲ್ಲಿ ಸೆಲ್ಲು ಬದಲಿಸಬಹುದಾದ ಮೈಕು ಆಕೆಯ ಸರದಿಯನ್ನು ಉಳಿಸಿಕೊಡುತ್ತದೆ. ಹಣ ಸಾಕಷ್ಟಿದ್ದರೆ ಹೊರತೆಗೆಯಬಹುದಾದ ಲಿಥಿಯಂ ಬ್ಯಾಟರಿ, ಅದರ ಹೆಚ್ಚುವರಿ ಜೊತೆ ಮತ್ತು ತಯಾರಕರದೇ ಚಾರ್ಜರು ಇರುವ ವ್ಯವಸ್ಥೆ ಶ್ರೇಷ್ಠ. ಮಿತವ್ಯಯ ಬೇಕಾದಲ್ಲಿ ಎರಡು ಪೆನ್ಸಿಲ್ ಸೆಲ್ಲುಗಳ ಮೈಕೇ ಸರಿ, ಏಕೆಂದರೆ ಎಲ್ಲ ಮುಗಿದುಹೋದ ಹೊತ್ತಿನಲ್ಲಿಯೂ ಊರಿನ ಕಿರಾಣಿ ಅಂಗಡಿಯಲ್ಲಿ ಅದಕ್ಕೊಂದು ಜೋಡಿ ಸಿಗುತ್ತದೆ. ವಾರಕ್ಕೆರಡು ಕಾರ್ಯಕ್ರಮ ನಡೆಯುವ ಸಭಾಭವನದಲ್ಲಿ ಪ್ರತಿ ಸಲ ಹೊಸ ಜೋಡಿ ಹಾಕಿದರೆ ಒಂದು ಮೈಕಿಗೆ ವರ್ಷಕ್ಕೆ 208 ಸೆಲ್ಲುಗಳು ಕಸಕ್ಕೆ ಹೋಗುತ್ತವೆ. ಮರುಚಾರ್ಜ್ ಸೆಲ್ಲಿನ ಎರಡು ಜೋಡಿಗಳು ಇದೇ ಕೆಲಸವನ್ನು ಹಲವು ವರ್ಷ ನಿಭಾಯಿಸಬಲ್ಲವು.

ಅಗ್ಗದ ಕಾರ್ಡ್‌ಲೆಸ್ ಸೆಟ್ಟುಗಳಲ್ಲಿ ಕಣ್ತಪ್ಪುವ ಇನ್ನೊಂದು ಸಂಗತಿ ರಿಸೀವರಿನ ಬ್ಯಾಟರಿ. ಆಂಪ್ಲಿಫೈಯರಿನ ಮೈಕ್ ರಂಧ್ರಕ್ಕೆ ನೇರವಾಗಿ ಚುಚ್ಚುವ 6.35 ಮಿಲಿಮೀಟರ್ ಪಿನ್ನಿನ ಪುಟ್ಟ ರಿಸೀವರುಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಇವುಗಳೊಳಗೂ ಒಂದು ಚಿಕ್ಕ ಲಿಥಿಯಂ ಬ್ಯಾಟರಿ ಇದ್ದು, ಮೈಕಿನಲ್ಲಿ ಶಕ್ತಿ ಉಳಿದಿರುವಾಗಲೇ ಅದು ಮುಗಿದು ಧ್ವನಿ ನಿಲ್ಲಬಹುದು. ಗೋಡೆಯ ವಿದ್ಯುತ್ತಿನಿಂದ ನಡೆಯುವ ರಿಸೀವರು ಈ ಎರಡನೆಯ ಆತಂಕವನ್ನು ತೆಗೆದುಹಾಕುತ್ತದೆ. ಕರೆಂಟು ಆಗಾಗ ಹೋಗುವ ಊರುಗಳಲ್ಲಿ ಆಂಪ್ಲಿಫೈಯರಿಗೆ ಹೇಗೂ ಜನರೇಟರ್ ಅಥವಾ ಇನ್ವರ್ಟರ್ ಇದ್ದೇ ಇರುವುದರಿಂದ ರಿಸೀವರನ್ನೂ ಅದಕ್ಕೇ ಜೋಡಿಸಬಹುದು.

ಸೆಲ್ಲಿನ ಮೇಲೆ ಅಚ್ಚಾದ ಅಂಕಿಗಳನ್ನು ಪರಿಶೀಲಿಸದೆ ನಂಬಬಾರದು. ನಿಕಲ್ ಬಗೆಯ ಡಬಲ್ ಎ ಸೆಲ್ಲಿನ ಮೇಲೆ 3000ಕ್ಕೂ ಮಿಗಿಲಾದ, 18650ರ ಮೇಲೆ 5000 ಅಥವಾ 9900 ಎಂಬಂಥ ಸಂಖ್ಯೆಯಿದ್ದರೆ ಅದು ಸುಳ್ಳೆಂದು ತಿಳಿಯಬಹುದು, ಏಕೆಂದರೆ ಆ ಗಾತ್ರದೊಳಗೆ ಅಷ್ಟು ಸಕ್ರಿಯ ವಸ್ತುವನ್ನು ತುಂಬುವುದು ಸಾಧ್ಯವಿಲ್ಲ. ತೂಕವೂ ಒಳ್ಳೆಯ ಸಾಕ್ಷಿ: ಸಾಚಾ ನಿಕಲ್ ಪೆನ್ಸಿಲ್ ಸೆಲ್ಲು 25ರಿಂದ 30 ಗ್ರಾಮಿನಷ್ಟೂ, 18650 ಸೆಲ್ಲು 45 ಗ್ರಾಮಿನ ಆಸುಪಾಸಿನಲ್ಲಿಯೂ ಇರುತ್ತದೆ, ಕೈಗೆ ಹಗುರವೆನಿಸುವ ಸೆಲ್ಲಿನೊಳಗೆ ಹೇಳಿಕೊಂಡಷ್ಟು ಶಕ್ತಿಯಿರುವುದಿಲ್ಲ. ಭಾರತದಲ್ಲಿ ಸಾಗಿಸಬಹುದಾದ ಸಾಧನಗಳ ಮರುಚಾರ್ಜ್ ಸೆಲ್ಲುಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಇದ್ದು, ವೈರ್‌ಲೆಸ್ ಮೈಕ್ರೊಫೋನುಗಳನ್ನೂ ಇದೇ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ತರಲಾಗಿದೆ. ಪೆಟ್ಟಿಗೆಯ ಮೇಲೆ ಆ ಗುರುತೂ ನೋಂದಣಿ ಸಂಖ್ಯೆಯೂ ಇವೆಯೇ ಎಂದು ನೋಡುವುದು ಕೊಳ್ಳುವವರ ಹಕ್ಕು.

ವಿದ್ಯುತ್ತಿನ ಲೆಕ್ಕ ಸರಿಹೋದ ಮೇಲೆ ರೇಡಿಯೊ ಭಾಗದ ವಿಚಾರಕ್ಕೆ ಬರಬಹುದು. ಪ್ರತಿಯೊಂದು ಮೈಕೂ ನಿರ್ದಿಷ್ಟ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ ಅಲೆ ಕಂಪಿಸುವ ನಿರ್ದಿಷ್ಟ ಸಂಖ್ಯೆಯಲ್ಲಿ ಮಾತನಾಡುತ್ತದೆ, ಮತ್ತು ಆ ಜಾಗದಲ್ಲಿ ಬೇರೆ ಯಾರಿದ್ದಾರೆ ಎಂಬುದು ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಯುಎಚ್‌ಎಫ್ ಎಂದು ಮಾರುವ ಮೈಕುಗಳು 500ರಿಂದ 900 ಮೆಗಾಹರ್ಟ್ಸ್‌ಗಳ ನಡುವೆ ಎಲ್ಲಿಯಾದರೂ ಇರಬಹುದು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು, ಅಂದರೆ 703ರಿಂದ 748 ಮತ್ತು 758ರಿಂದ 803ರವರೆಗಿನ ಭಾಗಗಳಲ್ಲಿನ ಪಾಲನ್ನು, ಜಿಯೊ ಸಂಸ್ಥೆ ದೇಶದಾದ್ಯಂತ 5ಜಿ ಸೇವೆಗಾಗಿ ಪಡೆದ ಮೇಲೆ, ಅಲ್ಲಿ ನೆಲೆಗೊಂಡಿದ್ದ ಮೈಕುಗಳಿಗೆ ಮೊಬೈಲ್ ಗೋಪುರಗಳ ಪ್ರಬಲ ಅಲೆಗಳೊಡನೆ ಸೆಣಸುವ ಸ್ಥಿತಿ ಬಂದಿದೆ. ಅದರಾಚೆಗಿನ 800 ಮತ್ತು 900ರ ಪಟ್ಟಿಗಳಲ್ಲಿ ಮೊಬೈಲುಗಳು ಮೊದಲಿನಿಂದಲೂ ಇವೆ. ಹಾಗಾಗಿ ಮೈಕಿನ ಹಿಡಿಕೆಯ ಮೇಲೆ ಬರೆದ ಸಂಖ್ಯೆ 700ಕ್ಕಿಂತ ಕೆಳಗಿರುವುದನ್ನು ಆರಿಸುವುದು ತಾಂತ್ರಿಕವಾಗಿ ಕ್ಷೇಮ, ಮತ್ತು ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆಯ ಪತ್ರವನ್ನು ಮಾರಾಟಗಾರರಿಂದ ಕೇಳಿ ನೋಡುವುದು ಕಾನೂನಿನ ದೃಷ್ಟಿಯಿಂದ ಅವಶ್ಯ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು ಮೊಬೈಲ್ ಸೇವೆಗೆ ಕೊಟ್ಟು, 2020ರ ಜುಲೈನಿಂದ ಅಲ್ಲಿ ಮೈಕುಗಳ ಬಳಕೆಯನ್ನು ನಿಲ್ಲಿಸಲಾಗಿದೆ. ಅಲ್ಲಿನ ಕನ್ನಡ ಸಂಘಗಳ ಕಾರ್ಯಕ್ರಮಕ್ಕೆಂದು ಬೆಂಗಳೂರಿನಿಂದ ಮೈಕ್ ಕೊಂಡೊಯ್ಯುವವರೂ, ಅಲ್ಲಿಂದ ಊರಿನ ಶಾಲೆಗೆ ಕೊಡುಗೆಯಾಗಿ ತರುವವರೂ ಈ ಅಂಕಿಗಳನ್ನು ಮೊದಲು ಹೋಲಿಸಿ ನೋಡಬೇಕು.

2.4 ಗಿಗಾಹರ್ಟ್ಸ್‌ನ ಡಿಜಿಟಲ್ ಮೈಕುಗಳಿಗೆ ಪರವಾನಗಿಯ ತೊಡಕಿಲ್ಲ, ಭಾರತ ಈ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ 2005ರಲ್ಲಿಯೇ ಮುಕ್ತಗೊಳಿಸಿತು. ಆದರೆ ವೈ-ಫೈ, ಬ್ಲೂಟೂತ್‌ಗಳೂ ಅದೇ ಪಟ್ಟಿಯಲ್ಲಿರುವುದರಿಂದ ಮತ್ತು ನೀರಿನಂಶ ತುಂಬಿದ ಮನುಷ್ಯದೇಹ ಈ ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಖಾಲಿ ಸಭಾಂಗಣದಲ್ಲಿ ಬೆಳಿಗ್ಗೆ ನಿರಾತಂಕವಾಗಿ ಕೆಲಸ ಮಾಡಿದ ಮೈಕು ಸಂಜೆ ಜನ ತುಂಬಿದಾಗ ತೊದಲಬಹುದು. ಚಿಕ್ಕ ಕೋಣೆಗಳಿಗೆ ಇವು ಸಾಕು. ಸಾವಿರ ಜನರ ಸಭೆಗೆ ಯುಎಚ್‌ಎಫ್ ಮೇಲು. ಡಿಜಿಟಲ್ ಸಂಸ್ಕರಣೆಯಿಂದ ಆಗುವ ಕೆಲವು ಮಿಲಿಸೆಕೆಂಡುಗಳ ವಿಳಂಬವನ್ನು ದೊಡ್ಡದು ಮಾಡಬೇಕಾಗಿಲ್ಲ. ಮೂರು ಮಿಲಿಸೆಕೆಂಡಿನಲ್ಲಿ ಗಾಳಿಯಲ್ಲಿ ಶಬ್ದ ಸಾಗುವುದು ಸುಮಾರು ಒಂದು ಮೀಟರ್ ಮಾತ್ರ.

ಯಾವ ಪಟ್ಟಿಯಾದರೂ ರಿಸೀವರಿಗೆ ಎರಡು ಆಂಟೆನಾಗಳಿದ್ದು, ಅವೆರಡರಲ್ಲಿ ಆ ಕ್ಷಣಕ್ಕೆ ಬಲವಾದುದನ್ನು ಅದು ತಾನೇ ಆರಿಸಿಕೊಳ್ಳುವ ಡೈವರ್ಸಿಟಿ ವ್ಯವಸ್ಥೆ ಇರಲೇಬೇಕು. ಗೋಡೆ, ಶಾಮಿಯಾನದ ಕಬ್ಬಿಣದ ಕಂಬ, ತಗಡಿನ ಚಾವಣಿಗಳಿಗೆ ಬಡಿದು ಮರಳುವ ಅಲೆಗಳು ನೇರವಾಗಿ ಬಂದ ಅಲೆಯನ್ನು ಕೆಲವು ಬಿಂದುಗಳಲ್ಲಿ ಅಳಿಸಿಹಾಕುತ್ತವೆ. 600 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 50 ಸೆಂಟಿಮೀಟರ್ ಆಗಿರುವುದರಿಂದ ಗಾಯಕರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಇಂಥ ಬಿಂದುವಿಗೆ ಸಿಲುಕಬಹುದು, ಆಗ ಒಂದು ಆಂಟೆನಾಗೆ ಕೇಳದ್ದನ್ನು ಇನ್ನೊಂದು ಕೇಳಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಎರಡು ಕಡ್ಡಿಗಳು ಕಂಡ ಮಾತ್ರಕ್ಕೆ ಇದು ಇದೆಯೆಂದು ಭಾವಿಸುವಂತಿಲ್ಲ; ಎರಡು ಮೈಕುಗಳ ಅಗ್ಗದ ಸೆಟ್ಟಿನಲ್ಲಿ ಒಂದೊಂದು ಮೈಕಿಗೆ ಒಂದೊಂದೇ ಕಡ್ಡಿ ಮೀಸಲಾಗಿರುವುದುಂಟು. ರಿಸೀವರನ್ನು ಆಂಪ್ಲಿಫೈಯರಿನ ಹಿಂದೆ ಅಡಗಿಸದೆ, ವೇದಿಕೆಗೆ ನೇರ ನೋಟವಿರುವ ಎತ್ತರದ ಜಾಗದಲ್ಲಿ, ಎಲ್‌ಇಡಿ ಪರದೆಗಳಿಂದ ದೂರವಾಗಿ ಇಡಬೇಕು, ಏಕೆಂದರೆ ಆ ಪರದೆಗಳು ಇದೇ ಆವರ್ತನಗಳಲ್ಲಿ ರೇಡಿಯೊ ಗದ್ದಲವನ್ನು ಚೆಲ್ಲುತ್ತವೆ.

ಮೂರು ಅಥವಾ ಹೆಚ್ಚು ಮೈಕುಗಳು ಒಟ್ಟಿಗೆ ಬೇಕಾದಲ್ಲಿ ಆವರ್ತನಗಳನ್ನು ಸಮಾನ ಅಂತರದಲ್ಲಿ ಜೋಡಿಸುವುದು ತಪ್ಪು. ಎರಡು ಟ್ರಾನ್ಸ್‌ಮಿಟರುಗಳು ಹತ್ತಿರವಾದಾಗ ಅವುಗಳ ಅಲೆಗಳು ಬೆರೆತು, ಒಂದರ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆದಾಗ ಬರುವ ಆವರ್ತನದಲ್ಲಿ ಮೂರನೆಯ ಹುಸಿ ಅಲೆಯೊಂದು ಹುಟ್ಟುತ್ತದೆ, 600.0 ಮತ್ತು 600.4ರಲ್ಲಿ ಎರಡು ಮೈಕುಗಳಿದ್ದರೆ ಆ ಹುಸಿ ಅಲೆ ಬೀಳುವುದು 600.8ರಲ್ಲಿ, ಸಮಾನ ಅಂತರದ ಆಸೆಯಿಂದ ಮೂರನೆಯ ಮೈಕನ್ನು ಇಟ್ಟಿರುವ ಜಾಗದಲ್ಲಿಯೇ. ತಯಾರಕರು ಗುಂಪು ಮತ್ತು ಚಾನೆಲ್ ಎಂದು ವಿಂಗಡಿಸಿ ಕೊಡುವ ಪಟ್ಟಿಗಳಲ್ಲಿ ಈ ಲೆಕ್ಕವನ್ನು ಮೊದಲೇ ಮಾಡಿರುತ್ತಾರಾದ್ದರಿಂದ, ಒಂದೇ ತಯಾರಕರ ಮೈಕುಗಳನ್ನು ಒಂದೇ ಗುಂಪಿನಿಂದ ಆರಿಸಿಕೊಂಡರೆ ಸಾಕು.

ಧ್ವನಿಯನ್ನು ಹಿಡಿಯುವ ತಲೆಭಾಗದ ಬಗ್ಗೆ ಹೇಳಬೇಕಾದುದು ಕಡಿಮೆ. ಸಾರ್ವಜನಿಕ ಬಳಕೆಗೆ ಡೈನಾಮಿಕ್ ಬಗೆಯೇ ಸೂಕ್ತ. ಪೆಟ್ಟು, ಬೆವರು, ಕರಾವಳಿಯ ತೇವಗಳನ್ನು ಅದು ಹೆಚ್ಚು ಸಹಿಸುತ್ತದೆ. ಅದರ ಗ್ರಹಣವಲಯ ಕಾರ್ಡಿಯಾಯ್ಡ್, ಅಂದರೆ ಮುಂದಿನ ಶಬ್ದವನ್ನು ಚೆನ್ನಾಗಿಯೂ ಹಿಂದಿನದನ್ನು ಅತಿ ಕಡಿಮೆಯಾಗಿಯೂ ಹಿಡಿಯುವಂಥದಾಗಿರಬೇಕು, ಇಲ್ಲವಾದರೆ ಸ್ಪೀಕರಿನ ಧ್ವನಿ ಮರಳಿ ಮೈಕಿಗೆ ಸೇರಿ ಕೀರಲು ಕೂಗು ಏಳುತ್ತದೆ. ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಎಂಥ ಮೈಕಿನ ಈ ಗುಣವೂ ಕೆಡುತ್ತದೆ. ಹಿಡಿಕೆಯ ಕೆಳತುದಿಯನ್ನು ಮುಚ್ಚಿದರೆ ಅಲ್ಲಿರುವ ಆಂಟೆನಾ ಮರೆಯಾಗುತ್ತದೆ. ಹಿಡಿಕೆಯ ನಡುಭಾಗವನ್ನು ಹಿಡಿಯುವ ಅಭ್ಯಾಸವನ್ನು ಶಾಲೆಗಳಲ್ಲಿ ಮಕ್ಕಳಿಗೆ ಮೊದಲೇ ಕಲಿಸಬಹುದು.

ಕೊಂಡ ಮೇಲಿನ ಪಾಲನೆಯಲ್ಲಿ ಸೆಕೆಯೇ ದೊಡ್ಡ ಶತ್ರು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಬಿಸಿಲಿನಲ್ಲಿ ನಿಂತ ವಾಹನದಲ್ಲೋ ತಗಡಿನ ಚಾವಣಿಯ ಕೋಣೆಯಲ್ಲೋ ತಿಂಗಳುಗಟ್ಟಲೆ ಇಟ್ಟರೆ ಅದು ಬಳಸದೆಯೇ ಮುಪ್ಪಾಗುತ್ತದೆ. ದೀರ್ಘಕಾಲ ಇಡುವಾಗ ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಬೇಕು, ಪೂರ್ತಿ ಖಾಲಿಯಾಗಿಯೂ ಇಡಬಾರದು. ಮೈಕಿನೊಳಗೆ ಆಲ್ಕಲೈನ್ ಸೆಲ್ಲನ್ನು ಬಿಟ್ಟು ಮರೆತರೆ ಅದರಿಂದ ಸೋರುವ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬಿಳಿಯ ಪುಡಿಯಾಗಿ ಹೆಪ್ಪುಗಟ್ಟಿ ಸಂಪರ್ಕದ ತಗಡುಗಳನ್ನು ತಿನ್ನುತ್ತದೆ. ಅದು ಕ್ಷಾರವಾದ್ದರಿಂದ ವಿನಿಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಒಣಗಿಸಿದರೆ ಬಹಳಷ್ಟು ಮೈಕುಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಆಯುಷ್ಯ ಮುಗಿದ ಸೆಲ್ಲುಗಳನ್ನು ಮನೆಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಕೆದಾರರಿಗೂ, ಅವುಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರಿಗೂ ವಹಿಸಿವೆ; ಉಬ್ಬಿದ ಅಥವಾ ಸುರುಟಿದ ಲಿಥಿಯಂ ಸೆಲ್ಲನ್ನು ಅಲ್ಲಿಯವರೆಗೆ ಎರಡೂ ತುದಿಗಳಿಗೆ ಟೇಪು ಸುತ್ತಿ, ಉರಿಯುವ ವಸ್ತುಗಳಿಂದ ದೂರವಿಡಬೇಕು, ಮತ್ತೊಮ್ಮೆ ಚಾರ್ಜಿಗೆ ಹಾಕಲೇಬಾರದು.